ಸಣ್ಣ ಟ್ರಸ್ಟ್‌ಗೆ ದುಡ್ಡು ಎಲ್ಲಿಂದ? ಕ್ರೌಡ್‌ಫಂಡಿಂಗ್, ಸಿಎಸ್‌ಆರ್ ಮತ್ತು ನಿಮ್ಮ ಫೋನಿನಲ್ಲಿರುವ ಹೆಸರುಗಳು

ಪ್ರಶ್ನೆ: ಜಮಖಂಡಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಆರು ವರ್ಷವಾಯಿತು. ಊರಿನ ಮಕ್ಕಳಿಗೆ ಸಂಜೆ ಪಾಠ ಮತ್ತು ಒಂದು ಪುಟ್ಟ ಗ್ರಂಥಾಲಯ ನಡೆಸುತ್ತೇವೆ. ಕಬ್ಬಿನ ಹಂಗಾಮು ಶುರುವಾದರೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಮಕ್ಕಳಿಗೆ ಜೋಪಡಿಗಳ ಹತ್ತಿರವೇ ಐದು ತಿಂಗಳು ಡೇರೆ ಶಾಲೆ ಮಾಡುತ್ತೇವೆ. ವರ್ಷದ ಖರ್ಚು ಸುಮಾರು ಒಂಬತ್ತು ಲಕ್ಷ. ಅರ್ಧಕ್ಕಿಂತ ಜಾಸ್ತಿ ಅಮೆರಿಕದಲ್ಲಿರುವ ನಮ್ಮ ಸೋದರಮಾವ ಕೊಡುತ್ತಿದ್ದರು. ಅವರೀಗ ನಿವೃತ್ತರಾಗಿದ್ದಾರೆ, ಇನ್ನು ಮುಂದೆ ಅಷ್ಟು ಆಗುವುದಿಲ್ಲ ಎಂದಿದ್ದಾರೆ. ನಮಗೆ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ನೋಂದಣಿ ಎರಡೂ ಇವೆ. ಕ್ರೌಡ್‌ಫಂಡಿಂಗ್ (ಆನ್‌ಲೈನ್‌ನಲ್ಲಿ ಬಹಳ ಜನರಿಂದ ಸಣ್ಣ ಸಣ್ಣ ಮೊತ್ತ ಎತ್ತುವುದು) ಮಾಡೋಣವೇ? ಸಕ್ಕರೆ ಕಾರ್ಖಾನೆಗಳಿಂದ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತಮ್ಮ ಲಾಭದಲ್ಲಿ ಖರ್ಚು ಮಾಡಬೇಕಾದ ಪಾಲು) ಹಣ ಸಿಗುತ್ತದೆಯೇ? ಹತ್ತು ಪರ್ಸೆಂಟ್ ಕೊಟ್ಟರೆ ದೊಡ್ಡ ಕಂಪನಿಯ ಸಿಎಸ್‌ಆರ್ ಕೊಡಿಸುತ್ತೇನೆ ಎಂದು ಒಬ್ಬರು ಬೆನ್ನು ಬಿದ್ದಿದ್ದಾರೆ, ನಂಬಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಆ ಹತ್ತು ಪರ್ಸೆಂಟಿನವರಿಗೆ ಇವತ್ತೇ ಬೇಡ ಎಂದುಬಿಡಿ. ಇಂಥವರು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಸುತ್ತಾಡುತ್ತಲೇ ಇರುತ್ತಾರೆ. ಮಾತು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ಮುಂಬೈ ಕಂಪನಿಯಲ್ಲಿ ಕೋಟಿಗಟ್ಟಲೆ ದುಡ್ಡು ಬಿದ್ದಿದೆ, ಮಾರ್ಚ್ ಒಳಗೆ ಖರ್ಚಾಗಬೇಕು, ನಿಮ್ಮ ಟ್ರಸ್ಟಿನ ಕಾಗದಪತ್ರ ಕೊಡಿ ಸಾಕು. ಆಮೇಲೆ ಪ್ರೊಸೆಸಿಂಗ್ ಫೀ ಅಂತ ಮುಂಗಡ ಕೇಳುತ್ತಾರೆ, ಕೊಟ್ಟ ಮೇಲೆ ಫೋನ್ ಎತ್ತುವುದಿಲ್ಲ. ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ದುಡ್ಡು ನಿಜವಾಗಿಯೂ ಖಾತೆಗೆ ಬರುತ್ತದೆ, ಆದರೆ ಅದರಲ್ಲಿ ಒಂದು ಪಾಲನ್ನು ಕ್ಯಾಶ್ ಆಗಿ ವಾಪಸ್ ಕೊಡಿ ಎನ್ನುತ್ತಾರೆ. ಅಲ್ಲಿಗೆ ಬಿಳಿ ಹಣವನ್ನು ಕಪ್ಪು ಮಾಡಿಕೊಡುವ ಕೆಲಸಕ್ಕೆ ನಿಮ್ಮ ಟ್ರಸ್ಟ್ ಬಳಕೆಯಾದಂತಾಯಿತು. 12ಎ ಹೋಗುವುದಷ್ಟೇ ಅಲ್ಲ, ಸಹಿ ಹಾಕಿದ ಟ್ರಸ್ಟಿಗಳೂ ಸಿಕ್ಕಿಹಾಕಿಕೊಳ್ಳುತ್ತಾರೆ.

ನಿಜವಾದ ಕಂಪನಿಯನ್ನು ಗುರುತಿಸುವುದು ಕಷ್ಟವಲ್ಲ. ಅವರು ನಿಮ್ಮನ್ನು ಕಾಡುತ್ತಾರೆ. ಮೂರು ವರ್ಷದ ಆಡಿಟ್ ರಿಪೋರ್ಟ್ ಕೇಳುತ್ತಾರೆ, ಟ್ರಸ್ಟ್ ಡೀಡ್ ಕೇಳುತ್ತಾರೆ, ಟ್ರಸ್ಟಿಗಳ ಪ್ಯಾನ್ ಕೇಳುತ್ತಾರೆ, ಒಬ್ಬರು ಬಂದು ಜಾಗ ನೋಡಿ ಹೋಗುತ್ತಾರೆ, ಒಪ್ಪಂದದ ಕರಡು ಕಳಿಸಿ ಎರಡು ಸಲ ತಿದ್ದಿಸುತ್ತಾರೆ. ಯಾರೂ ಏನನ್ನೂ ಕೇಳದೆ ದುಡ್ಡು ಕೊಡುತ್ತೇನೆ ಅಂದರೆ ಅದು ಕಂಪನಿ ಅಲ್ಲ.

ಈಗ ನಿಮ್ಮ ಒಂಬತ್ತು ಲಕ್ಷಕ್ಕೆ ಬರೋಣ. ಅದನ್ನು ಒಂದೇ ಗಂಟು ಅಂತ ನೋಡಬೇಡಿ. ಅದರಲ್ಲಿ ಎರಡು ಬಗೆಯ ಖರ್ಚಿದೆ. ಸಂಜೆ ಪಾಠದ ಶಿಕ್ಷಕರ ಸಂಬಳ, ಗ್ರಂಥಾಲಯದ ಬಾಡಿಗೆ, ಕರೆಂಟು, ಆಡಿಟ್ ಫೀ, ಇವು ಹನ್ನೆರಡು ತಿಂಗಳೂ ಇರುವಂಥವು. ಇದನ್ನು ಆರು ಲಕ್ಷ ಅಂತ ಇಟ್ಟುಕೊಳ್ಳೋಣ. ಡೇರೆ ಶಾಲೆ ಹಂಗಾಮಿನದು, ಶುರು ಇದೆ, ಕೊನೆ ಇದೆ, ಮಕ್ಕಳ ಲೆಕ್ಕ ಇದೆ. ಅದು ಮೂರು ಲಕ್ಷ. ಮೊದಲನೆಯದಕ್ಕೆ ನಿಮ್ಮನ್ನು ಬಲ್ಲ ಜನರಿಂದ ತಿಂಗಳು ತಿಂಗಳು ಬರುವ ಸಣ್ಣ ಹಣ ಬೇಕು. ಎರಡನೆಯದಕ್ಕೆ ಹತ್ತಿರದ ಕಂಪನಿಯ ಹಣ ಸರಿಹೊಂದುತ್ತದೆ. ಇದನ್ನು ಅದಲುಬದಲು ಮಾಡಿದವರೇ ತೊಂದರೆಗೆ ಬೀಳುವುದು. ಸಿಎಸ್‌ಆರ್ ಹಣವನ್ನು ನಂಬಿ ಕಾಯಂ ಶಿಕ್ಷಕರನ್ನು ಇಟ್ಟುಕೊಳ್ಳುತ್ತಾರೆ, ಕಂತು ನಾಲ್ಕು ತಿಂಗಳು ತಡವಾಗುತ್ತದೆ, ಪಾಪ, ಸಂಬಳವಿಲ್ಲದೆ ಅವರು ಬಿಟ್ಟು ಹೋಗುತ್ತಾರೆ.

ಕ್ರೌಡ್‌ಫಂಡಿಂಗ್ ಬಗ್ಗೆ ಕೇಳಿದ್ದೀರಿ. ಮಿಲಾಪ್, ಕೆಟ್ಟೋ, ಗಿವ್‌ಇಂಡಿಯಾ ಥರದ ವೇದಿಕೆಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ನನಗೇನೂ ತಕರಾರಿಲ್ಲ. ಆದರೆ ಅಲ್ಲಿ ಪುಟ ತೆರೆದರೆ ಗುರುತಿಲ್ಲದವರು ಬಂದು ದುಡ್ಡು ಹಾಕುತ್ತಾರೆ ಅನ್ನುವುದು ಬರೀ ಆಸೆ. ಮಗುವಿನ ಹೃದಯದ ಆಪರೇಶನ್‌ಗೆ ಹಾಕುತ್ತಾರೆ, ಪ್ರವಾಹ ಬಂದಾಗ ಹಾಕುತ್ತಾರೆ. ಸಂಜೆ ಪಾಠಕ್ಕೆ ಹಾಕುವವರು ನಿಮ್ಮನ್ನು ಬಲ್ಲವರು, ಅಥವಾ ನಿಮ್ಮನ್ನು ಬಲ್ಲವರನ್ನು ಬಲ್ಲವರು. ಅಂದರೆ ಲಿಂಕ್ ಹಂಚುವ ಕೆಲಸ ಹೇಗೂ ನಿಮ್ಮದೇ, ಅಲ್ವಾ? ಹಾಗಿದ್ದ ಮೇಲೆ ಆ ಪುಟವನ್ನು ಒಂದೇ ಒಂದು ಕೆಲಸಕ್ಕೆ, ಇಪ್ಪತ್ತೋ ಮೂವತ್ತೋ ದಿನದ ಅವಧಿ ಹಾಕಿ ಬಳಸಿ: ಗ್ರಂಥಾಲಯಕ್ಕೆ ಕಪಾಟು, ಡೇರೆಗೆ ಸೋಲಾರ್ ದೀಪ, ಅಷ್ಟು ಸಾಕು. ಶುಲ್ಕದ ಷರತ್ತನ್ನು ಪೂರ್ತಿ ಓದಿ. ವೇದಿಕೆಯ ಶುಲ್ಕ ಸೊನ್ನೆ ಅಂತ ಬರೆದಿದ್ದರೂ ದಾನಿಯ ಹತ್ತಿರ ಟಿಪ್ ಕೇಳುತ್ತಾರೆ. ಅದು ತಾನಾಗಿಯೇ ಟಿಕ್ ಆಗಿರುತ್ತದೆ, ಆಮೇಲೆ ನಿಮ್ಮ ಚಿಕ್ಕಪ್ಪನೇ ಫೋನ್ ಮಾಡಿ ಇದೇನು ಜಾಸ್ತಿ ಹೋಯಿತಲ್ಲ ಎಂದು ನಿಮ್ಮನ್ನು ಕೇಳುತ್ತಾರೆ.

ನಿಜವಾದ ಹೊಸ ದಾರಿ ಅಂದರೆ, ನನ್ನ ಮಟ್ಟಿಗೆ, ಯುಪಿಐ ಆಟೋಪೇ. 2020ರ ಜುಲೈನಲ್ಲಿ ಬಂತು. ದಾನಿ ಒಂದು ಸಲ ಒಪ್ಪಿಗೆ ಕೊಟ್ಟು ಪಿನ್ ಹಾಕಿದರೆ ಮುಂದೆ ಪ್ರತಿ ತಿಂಗಳೂ ಆ ಮೊತ್ತ ತಾನಾಗಿಯೇ ಕಟ್ಟಾಗುತ್ತದೆ. 15,000 ರೂಪಾಯಿವರೆಗೆ ಮತ್ತೆ ಮತ್ತೆ ಪಿನ್ ಕೇಳುವುದಿಲ್ಲ. ಕಟ್ಟಾಗುವ ಒಂದು ದಿನ ಮೊದಲು ಮೆಸೇಜ್ ಹೋಗುತ್ತದೆ, ಬೇಡವಾದರೆ ತಮ್ಮ ಫೋನಿನಲ್ಲೇ ರದ್ದು ಮಾಡಬಹುದು. ಊರ ಜಾತ್ರೆಗೆ ಪಟ್ಟಿ ಎತ್ತುವುದು ನಮಗೇನು ಹೊಸದೇ? ಬೆಳಗಾವಿಯ ಕೆಎಲ್‌ಇ ಸೊಸೈಟಿಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರು, ದುಡ್ಡಿದ್ದವರಲ್ಲ. ದುಡ್ಡಿದ್ದವರನ್ನು ಒಪ್ಪಿಸಿದವರು. ಲಿಂಗರಾಜ ಕಾಲೇಜು, ರಾಜಾ ಲಖಮಗೌಡ ವಿಜ್ಞಾನ ಕಾಲೇಜು ಅನ್ನುವ ಹೆಸರುಗಳಲ್ಲೇ ಆ ದಾನಿಗಳು ಇದ್ದಾರೆ. ನಿಮಗೆ ಅಂಥ ಸಂಸ್ಥಾನದ ಒಡೆಯರು ಸಿಗುವುದಿಲ್ಲ. ಆದರೆ ತಿಂಗಳಿಗೆ ಮುನ್ನೂರು ಕೊಡುವವರು ಸಿಗುತ್ತಾರೆ.

ಲೆಕ್ಕ ನೋಡಿ. ವರ್ಷಕ್ಕೆ ಆರು ಲಕ್ಷ ಅಂದರೆ ತಿಂಗಳಿಗೆ 50,000. ತಿಂಗಳಿಗೆ 300 ಕೊಡುವ 120 ಜನ ಸಿಕ್ಕರೆ 36,000 ಆಯಿತು. ಸಾವಿರ ಕೊಡುವ 14 ಜನ ಸೇರಿದರೆ ಉಳಿದ 14,000. ಒಟ್ಟು 134 ಹೆಸರು. ನಿಮ್ಮ, ನಿಮ್ಮ ಟ್ರಸ್ಟಿಗಳ ಫೋನ್ ತೆಗೆದು ಕೂತುಕೊಳ್ಳಿ. ಜಮಖಂಡಿ, ಬನಹಟ್ಟಿ, ತೇರದಾಳ ಕಡೆಯಿಂದ ಹೋಗಿ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಕ್ಲಾಸ್‌ಮೇಟ್‌ಗಳು, ಅವರ ತಮ್ಮಂದಿರು, ನಿವೃತ್ತ ಮಾಸ್ತರರು, ಸಾಂಗ್ಲಿ ಮಿರಜದ ಸಂಬಂಧಿಕರು, ಹೀಗೆ ಬರೆಯುತ್ತಾ ಹೋದರೆ ನಾನೂರು ಹೆಸರು ಕಷ್ಟವಲ್ಲ. ಎಲ್ಲರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಸಾಂಗ್ಲಿ ಮಿರಜದವರಿಗೆ ಮರಾಠಿಯಲ್ಲೂ ಒಂದು ಮೆಸೇಜ್ ಬರೆಸಿ, ನಾಚಿಕೆ ಬೇಡ.

ಮೆಸೇಜ್ ಹೇಗಿರಬೇಕು? "ಬಡ ಮಕ್ಕಳ ಉಜ್ವಲ ಭವಿಷ್ಯಕ್ಕಾಗಿ ತಮ್ಮ ಅಮೂಲ್ಯ ದೇಣಿಗೆ" ಅಂತ ಶುರು ಮಾಡಿದರೆ ಯಾರೂ ಎರಡನೇ ಸಾಲು ಓದುವುದಿಲ್ಲ. ಹೀಗೆ ಬರೆಯಿರಿ:

"ಅಣ್ಣಾ, ನಮ್ಮೂರಿನ ಸಂಜೆ ಶಾಲೆಗೆ ಈಗ ಮಕ್ಕಳು ಜಾಸ್ತಿಯಾಗಿದ್ದಾರೆ. ಮಾಸ್ತರರ ಸಂಬಳ, ಬಾಡಿಗೆ ಸೇರಿ ತಿಂಗಳಿಗೆ 50,000 ಬೇಕು. ತಿಂಗಳಿಗೆ 300 ರೂಪಾಯಿ ಕೊಡುವ 120 ಜನರನ್ನು ಹುಡುಕುತ್ತಿದ್ದೇನೆ, ಇಲ್ಲಿಯವರೆಗೆ 31 ಜನ ಆಗಿದ್ದಾರೆ. ಲಿಂಕ್ ಕೆಳಗಿದೆ. ಬೇಡ ಅನ್ನಿಸಿದ ದಿನ ನಿಮ್ಮ ಫೋನಿನಲ್ಲೇ ನಿಲ್ಲಿಸಬಹುದು, ನಾನು ಯಾಕೆ ಅಂತ ಕೇಳುವುದಿಲ್ಲ. ಪ್ರತಿ ತಿಂಗಳು 10ನೇ ತಾರೀಖು ಲೆಕ್ಕ ಕಳಿಸುತ್ತೇನೆ."

ಇದನ್ನು ಗ್ರೂಪಿಗೆ ಹಾಕಬೇಡಿ. ಗ್ರೂಪಿನಲ್ಲಿ ಕೈ ಮುಗಿಯುವ ಇಮೋಜಿ ನಲವತ್ತು ಬರುತ್ತವೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೆ ಹೆಸರು ಹಿಡಿದು ಕಳಿಸಿ, ಮೂರು ದಿನ ಬಿಟ್ಟು ಒಂದು ಫೋನ್ ಮಾಡಿ. ಹತ್ತನೇ ತಾರೀಖಿನ ಲೆಕ್ಕವನ್ನು ಮಾತ್ರ ತಪ್ಪಿಸಲೇಬೇಡಿ: ಬಂದದ್ದು ಎಷ್ಟು, ಹೋದದ್ದು ಎಷ್ಟು, ಉಳಿದದ್ದು ಎಷ್ಟು, ಒಂದು ಫೋಟೋ. ಫೋಟೋದಲ್ಲಿ ಹರಿದ ಅಂಗಿಯ ಮಗುವಿನ ಮುಖ ಬೇಡ. ಆ ಮಗು ನಾಳೆ ದೊಡ್ಡದಾಗಿ ಅದನ್ನು ನೋಡುತ್ತದೆ. ಪುಸ್ತಕದ ಮೇಲಿನ ಕೈಗಳು, ಹಲಗೆಯ ಮೇಲಿನ ಅಕ್ಷರ, ಇಂಥವು ಸಾಕು.

ಇನ್ನು ಇದರ ಒಳಗಿನ ಕಿರಿಕಿರಿಗಳು. ಆಟೋಪೇಯನ್ನು ಟ್ರಸ್ಟಿಗಳ ಸ್ವಂತ ಫೋನ್‌ಪೇ ನಂಬರಿಗೆ ಮಾಡಿಸಬಾರದು. ಟ್ರಸ್ಟಿನ ಹಣ ಟ್ರಸ್ಟಿನ ಖಾತೆಗೇ ಬರಬೇಕು. ನಿಮ್ಮ ಬ್ಯಾಂಕ್ ಅಥವಾ ರೇಜರ್‌ಪೇ, ಕ್ಯಾಶ್‌ಫ್ರೀ ಥರದ ಪೇಮೆಂಟ್ ಗೇಟ್‌ವೇ ಮೂಲಕ ಮಾಡಿಸಬೇಕು. ಟ್ರಸ್ಟ್ ಡೀಡ್, ಪ್ಯಾನ್, 12ಎ, 80ಜಿ ಪ್ರತಿ ಕೇಳುತ್ತಾರೆ, ಒಂದೆರಡು ವಾರ ಅಲೆದಾಟ ಇದ್ದದ್ದೇ. ಕಡಿತದ ದಿನವನ್ನು 5ರಿಂದ 7ನೇ ತಾರೀಖಿನ ನಡುವೆ ಇಡಿ. ತಿಂಗಳ ಕೊನೆಗೆ ಇಟ್ಟರೆ ಖಾತೆಯಲ್ಲಿ ದುಡ್ಡಿಲ್ಲದೆ ಫೇಲ್ ಆಗುವುದೇ ಜಾಸ್ತಿ. ಫೇಲ್ ಆದವರ ಪಟ್ಟಿ ನೋಡಿ ನಯವಾಗಿ ನೆನಪಿಸುವುದಕ್ಕೆ ಒಬ್ಬರನ್ನು ನೇಮಿಸಿ, ಇಲ್ಲದಿದ್ದರೆ ವರ್ಷದೊಳಗೆ ಪಟ್ಟಿ ಸೋರಿ ಹೋಗುತ್ತದೆ.

ಎರಡನೆಯದು, ಹೆಸರಿಲ್ಲದ ಹಣ. ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಕ್ಯೂಆರ್ ಕೋಡ್ ಬೋರ್ಡ್ ಇಡುವುದು ಈಗ ಸಾಮಾನ್ಯ. ಇಡಿ, ತಪ್ಪಿಲ್ಲ. ಆದರೆ ಕೊಟ್ಟವರ ಹೆಸರು ಮತ್ತು ವಿಳಾಸ ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಆದಾಯ ತೆರಿಗೆ ಕಾನೂನಿನಲ್ಲಿ ಅದು ಅನಾಮಧೇಯ ದೇಣಿಗೆ. ವರ್ಷಕ್ಕೆ ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ 5%, ಇದರಲ್ಲಿ ಯಾವುದು ಹೆಚ್ಚೋ ಅಲ್ಲಿವರೆಗೆ ಪರವಾಗಿಲ್ಲ, ಅದನ್ನು ಮೀರಿದ್ದಕ್ಕೆ 30% ತೆರಿಗೆ. ಯುಪಿಐನಲ್ಲಿ ಹೆಸರು ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ಆದ್ದರಿಂದ ಕ್ಯೂಆರ್ ಪಕ್ಕದಲ್ಲಿ ಪಾವತಿ ಪುಸ್ತಕ ಹಿಡಿದು ಒಬ್ಬ ಹುಡುಗನನ್ನು ಕೂರಿಸಿ, ಅಥವಾ ಹೆಸರು, ಊರು ತುಂಬಿದ ಮೇಲೆಯೇ ದುಡ್ಡು ಹೋಗುವ ಲಿಂಕ್ ಇಡಿ.

ಮೂರನೆಯದು, 80ಜಿ ಇದೆ ಅನ್ನುವುದನ್ನು ದೊಡ್ಡ ಆಕರ್ಷಣೆ ಅಂದುಕೊಳ್ಳಬೇಡಿ. ಸಂಬಳದವರಲ್ಲಿ ಬಹಳಷ್ಟು ಜನ ಈಗ ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅಲ್ಲಿ ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ. ಹಳೆ ಪದ್ಧತಿಯವರಿಗೂ ನಿಮ್ಮಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ, 2,000 ದಾಟಿದ ಕ್ಯಾಶ್‌ಗೆ ಅದೂ ಇಲ್ಲ. ಆದರೂ ಪ್ಯಾನ್ ಕೊಟ್ಟ ದಾನಿಗಳ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಹಾಕಿ, ಅವರಿಗೆ 10ಬಿಇ ಪ್ರಮಾಣಪತ್ರ ಕೊಡುವುದು ನಿಮ್ಮ ಹೊಣೆ. ತಡವಾದರೆ ದಿನಕ್ಕೆ 200 ರೂಪಾಯಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. ನಾನು ಎಲ್ಲರಿಗೂ ರೂಢಿಯಾದ ಹಳೆ ನಂಬರ್‌ಗಳನ್ನೇ ಹೇಳುತ್ತಿದ್ದೇನೆ, ನಿಮ್ಮ ಆಡಿಟರ್ ಹತ್ತಿರ ಹೊಸ ಫಾರ್ಮ್ ಯಾವುದು ಅಂತ ಕೇಳಿಕೊಳ್ಳಿ.

ಉಳಿದ ಆನ್‌ಲೈನ್ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಗೂಗಲ್ ಸ್ವಯಂಸೇವಾ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗಿನ ಜಾಹೀರಾತನ್ನು ಉಚಿತವಾಗಿ ಕೊಡುತ್ತದೆ. ಕೇಳಲು ಭಾರಿ ಅನ್ನಿಸುತ್ತದೆ, ಆದರೆ ಒಳ್ಳೆಯ ವೆಬ್‌ಸೈಟ್ ಮತ್ತು ಅದನ್ನು ದಿನಾ ನೋಡಿಕೊಳ್ಳುವ ಕೈ ಇಲ್ಲದಿದ್ದರೆ ಉಪಯೋಗವಿಲ್ಲ. ಗೂಗಲ್‌ನ ಉಚಿತ ಇಮೇಲ್, ಪೋಸ್ಟರ್ ಮಾಡುವ ಕ್ಯಾನ್ವಾ ಇವನ್ನು ಮಾತ್ರ ತೆಗೆದುಕೊಳ್ಳಿ. ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ (ಸಮಾಜಸೇವಾ ಸಂಸ್ಥೆಗಳು ಹಣ ಎತ್ತಲು ಷೇರುಪೇಟೆಯಲ್ಲಿರುವ ವಿಭಾಗ) ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. 2023ರ ಕೊನೆಗೆ ಬೆಂಗಳೂರಿನ ಉನ್ನತಿ ಫೌಂಡೇಶನ್ ಅದರಲ್ಲಿ ಮೊದಲು ಹಣ ಎತ್ತಿತು. ಅಲ್ಲಿ ಕೊಡುವ ಬಾಂಡ್‌ಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಬರುವುದಿಲ್ಲ, ಒಂಥರಾ ಲೆಕ್ಕಪತ್ರ ಗಟ್ಟಿಯಾಗಿರುವ ದಾನ. ನೋಂದಣಿಗೆ ಹಿಂದಿನ ವರ್ಷ ಕನಿಷ್ಠ 50 ಲಕ್ಷ ಖರ್ಚು ಮಾಡಿರಬೇಕು. ಹಾಗಾಗಿ ನಿಮಗಲ್ಲ. ಅಕ್ಟೋಬರ್ 2ರಿಂದ 8ರವರೆಗೆ ನಡೆಯುವ ದಾನ್ ಉತ್ಸವವನ್ನು ಮಾತ್ರ ಬಿಡಬೇಡಿ. ಆ ವಾರ ಬೆಂಗಳೂರಿನ ಕಂಪನಿಗಳಲ್ಲಿ ನೌಕರರಿಂದ ದೇಣಿಗೆ ಸಂಗ್ರಹ ನಡೆಯುತ್ತದೆ. ನಿಮ್ಮ ಮುನ್ನೂರು ರೂಪಾಯಿಯವರಲ್ಲೇ ಯಾರಾದರೂ ಅಲ್ಲಿ ಕೆಲಸದಲ್ಲಿದ್ದರೆ ಅವರ ಮೂಲಕ ಹೋಗಿ. ಕೆಲವು ಕಂಪನಿಗಳು ನೌಕರ ಕೊಟ್ಟಷ್ಟೇ ತಾವೂ ಸೇರಿಸುತ್ತವೆ. ಹೊರಗಿನಿಂದ ನೂರು ಇಮೇಲ್ ಹಾಕುವುದಕ್ಕಿಂತ ಒಳಗಿನ ಒಬ್ಬ ಊರಿನ ಹುಡುಗ ಮೇಲು.

ಈಗ ಕಾರ್ಖಾನೆ. ಸಿಎಸ್‌ಆರ್ ಕಡ್ಡಾಯವಾದದ್ದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನಿಂದ, ಜಾರಿ 2014ರ ಏಪ್ರಿಲ್ 1ರಿಂದ. ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ, ಇದರಲ್ಲಿ ಒಂದನ್ನು ಮುಟ್ಟಿದ ಕಂಪನಿ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು.

ನಮ್ಮ ಕಡೆಯವರು ಎಡವುವುದು ಇಲ್ಲೇ. ಇದು ಕಂಪನಿಗಳಿಗೆ ಇರುವ ಕಾನೂನು. ಸಹಕಾರಿ ಸಕ್ಕರೆ ಕಾರ್ಖಾನೆ ಕಂಪನಿಯಲ್ಲ, ಸಹಕಾರ ಸಂಘ. ಸಂಕೇಶ್ವರದ ಹಿರಣ್ಯಕೇಶಿ, ವಿಜಯಪುರ ಜಿಲ್ಲೆಯ ನಂದಿ ಇಂಥವು ಆ ಸಾಲಿಗೆ ಸೇರಿದವು. ಅವರ ಹತ್ತಿರ ಹೋಗಿ ಸಿಎಸ್‌ಆರ್ ಕೊಡಿ ಎಂದರೆ ನಮಗೆ ಅದು ಅನ್ವಯಿಸುವುದಿಲ್ಲ ಅಂತ ಹೇಳಿ ಕಳಿಸುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಅಲ್ಲಿ ಕೇಳಬೇಕಾದದ್ದು ಬೇರೆ: ಆಡಳಿತ ಮಂಡಳಿಯ ತೀರ್ಮಾನದಿಂದ ಸಹಾಯ, ಅಥವಾ ಜಾಗ, ನೀರು, ಶೆಡ್ಡು, ಕರೆಂಟು. ಖಾಸಗಿ ಕಾರ್ಖಾನೆಯಾದರೂ ಲಾಭ ಆ ಮಿತಿ ಮುಟ್ಟಿದೆಯೇ ನೋಡಬೇಕು. ಸಕ್ಕರೆ ವ್ಯವಹಾರದಲ್ಲಿ ಒಂದು ವರ್ಷ ಏರಿದರೆ ಮರುವರ್ಷ ಇಳಿಯುತ್ತದೆ, ಅದಕ್ಕೇ ಅವರೊಬ್ಬರನ್ನೇ ನೆಚ್ಚಿಕೊಂಡು ಕೂರಬೇಡಿ.

ಸುತ್ತ ಕಣ್ಣು ಹಾಯಿಸಿದರೆ ಬೇರೆ ಉದ್ಯಮವೂ ಇದೆ. ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಜೆಕೆ ಸಿಮೆಂಟ್, ಯಾದವಾಡದಲ್ಲಿ ದಾಲ್ಮಿಯಾ ಸಿಮೆಂಟ್, ಬೆಳಗಾವಿಯಲ್ಲಿ ಹಿಂಡಾಲ್ಕೊ, ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಎನ್‌ಟಿಪಿಸಿ ವಿದ್ಯುತ್ ಸ್ಥಾವರ. ಸಕ್ಕರೆಯಲ್ಲೂ ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್‌ನಂಥ ಕಂಪನಿಗಳಿವೆ. ಯಾರು ಎಲ್ಲಿ ಎಷ್ಟು ಖರ್ಚು ಮಾಡುತ್ತಿದ್ದಾರೆ ಅನ್ನುವುದು ಗುಟ್ಟೇನಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು ವಿವರ ಇದೆ. ಅದಕ್ಕಿಂತ ಚೆನ್ನಾದದ್ದು ಕಂಪನಿಯ ವಾರ್ಷಿಕ ವರದಿ. ಕೆಲವು ಕಂಪನಿಗಳು ಅದರ ಸಿಎಸ್‌ಆರ್ ಅನುಬಂಧದಲ್ಲಿ ಯೋಜನೆ ಯಾವುದು, ಎಷ್ಟು ಹಣ, ಯಾವ ಸಂಸ್ಥೆಯ ಮೂಲಕ ಎಂಬ ಪಟ್ಟಿಯನ್ನೂ ಕೊಡುತ್ತವೆ. ಅದನ್ನು ಒಂದು ಸಂಜೆ ಕೂತು ಓದಿ. ಐದು ವರ್ಷದಿಂದ ಬರೀ ಕಣ್ಣಿನ ಶಿಬಿರ ಮಾಡುತ್ತಿರುವ ಕಂಪನಿಗೆ ಶಾಲೆಯ ಪ್ರಸ್ತಾವ ಹಿಡಿದು ಹೋಗುವುದು ಸುಮ್ನೆ ಬಸ್ ಚಾರ್ಜ್ ದಂಡ.

ಹತ್ತಿರದ ಕಂಪನಿಯನ್ನೇ ಯಾಕೆ ಹಿಡಿಯಬೇಕು ಅಂದರೆ, ತಾನು ಕೆಲಸ ಮಾಡುವ ಊರು ಮತ್ತು ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಡೇರೆ ಶಾಲೆಯಲ್ಲಿ ಕೂರುವ ಮಕ್ಕಳ ಅಪ್ಪ ಅಮ್ಮ ಯಾವ ಕಾರ್ಖಾನೆಗೆ ಕಬ್ಬು ಕಡಿಯುತ್ತಾರೋ ಆ ಕಾರ್ಖಾನೆಗಿಂತ ಹತ್ತಿರ ಇನ್ಯಾರು? ಆದರೆ ನೇರವಾಗಿ ಎಂಡಿ ಕ್ಯಾಬಿನ್ನಿಗೆ ಹೋಗಬೇಡಿ. ಮೊದಲು ಕಬ್ಬು ವಿಭಾಗದ ಫೀಲ್ಡ್‌ಮನ್ ಜೊತೆ ಚಹಾ ಕುಡಿಯಿರಿ. ಯಾವ ಗ್ಯಾಂಗ್ ಎಲ್ಲಿ ಜೋಪಡಿ ಹಾಕಿದೆ, ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು ಎಷ್ಟು, ವಿಜಯಪುರ ಕಡೆ ತಾಂಡಾದವರು ಎಷ್ಟು, ಯಾವಾಗ ಎತ್ತಿಕೊಂಡು ಹೋಗುತ್ತಾರೆ, ಎಲ್ಲ ಅವನಿಗೆ ಗೊತ್ತು. ಆ ಮಾಹಿತಿ ನಿಮ್ಮ ಪ್ರಸ್ತಾವದಲ್ಲಿದ್ದರೆ ಓದುವವರಿಗೆ ಇವರು ನೆಲದ ಮೇಲೆ ಕೆಲಸ ಮಾಡಿದವರು ಅಂತ ಒಂದೇ ಪುಟದಲ್ಲಿ ತಿಳಿಯುತ್ತದೆ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಕಂಪನಿಯ ನೌಕರರಿಗಷ್ಟೇ ಲಾಭವಾಗುವ ಕೆಲಸ, ಅಥವಾ ಅದರ ದಿನನಿತ್ಯದ ವ್ಯವಹಾರದ ಭಾಗವಾದ ಕೆಲಸ ಸಿಎಸ್‌ಆರ್ ಆಗುವುದಿಲ್ಲ. ಗ್ಯಾಂಗಿನವರು ಸಾಮಾನ್ಯವಾಗಿ ಗುತ್ತಿಗೆದಾರರ ಮೂಲಕ ಬರುವವರು, ಆದರೂ ಕಂಪನಿಯ ಲೆಕ್ಕದವರು ಈ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಡೇರೆಗೆ ಊರಿನ ಕೂಲಿಕಾರರ ಮಕ್ಕಳೂ ಬರುತ್ತಾರೆ, ಯಾವ ಕಾರ್ಖಾನೆಯ ಗ್ಯಾಂಗ್ ಅಂತ ನೋಡದೆ ಸೇರಿಸಿಕೊಳ್ಳುತ್ತೇವೆ ಎಂದು ಪ್ರಸ್ತಾವದಲ್ಲೇ ಬರೆದುಬಿಡಿ. ಬರೆದಂತೆ ನಡೆದುಕೊಳ್ಳಿ ಕೂಡ.

ಬಜೆಟ್ ಒಂದೇ ಪುಟ ಇರಲಿ. ಮಾದರಿಗೆ 60 ಮಕ್ಕಳು, ನವೆಂಬರಿಂದ ಮಾರ್ಚ್ ಅಂತ ಹಿಡಿಯೋಣ. ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ 12,000ದಂತೆ ಐದು ತಿಂಗಳಿಗೆ 1,20,000. ಹಾಲು, ಚುರುಮುರಿ, ಬಾಳೆಹಣ್ಣಿಗೆ ಮಗುವಿಗೆ ದಿನಕ್ಕೆ 10 ರೂಪಾಯಿ, 120 ದಿನಕ್ಕೆ 72,000. ಪಾಟಿ, ಪುಸ್ತಕ, ಚೀಲಕ್ಕೆ ತಲಾ 500ರಂತೆ 30,000. ತಾಡಪತ್ರಿ ಡೇರೆ, ಸೋಲಾರ್ ದೀಪ, ಕುಡಿಯುವ ನೀರಿನ ವ್ಯವಸ್ಥೆ 40,000. ಓಡಾಟ 18,000. ಲೆಕ್ಕಪತ್ರ, ವರದಿ, ಆಡಿಟ್ 20,000. ಒಟ್ಟು ಮೂರು ಲಕ್ಷ, ಅಂದರೆ ಒಂದು ಮಗುವಿಗೆ ಇಡೀ ಹಂಗಾಮಿಗೆ 5,000 ರೂಪಾಯಿ. ಈ ಕೊನೆಯ ಅಂಕಿಯನ್ನು ಮೊದಲ ಸಾಲಿನಲ್ಲೇ ಹಾಕಿ. ಯಾರಾದರೂ 5% ಆಡಳಿತ ಖರ್ಚಿನ ಮಿತಿ ಇದೆ, ಸಂಬಳ ಕೊಡಲಾಗದು ಎಂದರೆ ಒಪ್ಪಬೇಡಿ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತದ ಖರ್ಚಿಗೆ. ಯೋಜನೆಗೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ, ಪಾಠ ಮಾಡುವವರ ಸಂಬಳವೇ ಇಲ್ಲಿ ಯೋಜನೆ.

ಕಾಗದಪತ್ರದಲ್ಲಿ ನಿಮಗೆ ಬಾಕಿ ಇರುವುದು ಬಹುಶಃ ಸಿಎಸ್‌ಆರ್-1 ನೋಂದಣಿ. 2021ರ ಏಪ್ರಿಲ್ 1ರಿಂದ ಅದು ಇಲ್ಲದೆ ಯಾವ ಕಂಪನಿಯೂ ನಿಮಗೆ ಸಿಎಸ್‌ಆರ್ ಹಣ ಕೊಡುವಂತಿಲ್ಲ. ಟ್ರಸ್ಟಿಯೊಬ್ಬರ ಡಿಜಿಟಲ್ ಸಹಿ ಮತ್ತು ಸಿಎ ಅಥವಾ ಕಂಪನಿ ಸೆಕ್ರೆಟರಿಯ ದೃಢೀಕರಣ ಬೇಕು. ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು, ಅದು ನಿಮಗಿದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಪೋರ್ಟಲ್) ನಂಬರೂ ಮಾಡಿಸಿಟ್ಟುಕೊಳ್ಳಿ. 12ಎ, 80ಜಿ ಇವೆ ಎಂದಿರಿ, ಆದರೆ ಆದೇಶದ ಪ್ರತಿ ತೆಗೆದು ಅವಧಿ ನೋಡಿ. 2021ರಲ್ಲಿ ಎಲ್ಲ ಹಳೆ ಟ್ರಸ್ಟ್‌ಗಳೂ ಮರುನೋಂದಣಿ ಮಾಡಿಸಬೇಕಾಯಿತು, ಅದು ಐದು ವರ್ಷದ್ದು, ಮುಗಿಯುವ ಆರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಸಿಎಸ್‌ಆರ್‌ಗೂ ಇವೆರಡೂ ಊರ್ಜಿತದಲ್ಲಿ ಇರಬೇಕು.

ಯಾವಾಗ ಹೋಗಬೇಕು? ಕಂಪನಿಗಳ ವರ್ಷ ಏಪ್ರಿಲ್‌ಗೆ ಶುರು. ಹೊಸ ವರ್ಷದ ಯೋಜನೆ ಕುದುರುವುದು ಫೆಬ್ರವರಿಯಿಂದ ಮೇ ನಡುವೆ. ನಿಮ್ಮ ಹಂಗಾಮು ನವೆಂಬರಿಗೆ, ಹಾಗಾಗಿ ಮಾರ್ಚಿನಲ್ಲಿ ಡೇರೆ ಎತ್ತುವ ಮೊದಲೇ ಕಂಪನಿಯವರನ್ನು ಕರೆದು ತೋರಿಸಿ. ಮಕ್ಕಳು ಕೂತಿರುವಾಗ ನೋಡುವುದಕ್ಕೂ ಖಾಲಿ ಜಾಗದಲ್ಲಿ ನಿಂತು ಕೇಳುವುದಕ್ಕೂ ಬಹಳ ವ್ಯತ್ಯಾಸ. ಏಪ್ರಿಲ್‌ನಲ್ಲಿ ಪ್ರಸ್ತಾವ ಕೊಡಿ, ಅಕ್ಟೋಬರ್ ಒಳಗೆ ಮೊದಲ ಕಂತು ಬರಬೇಕೆಂದು ಒಪ್ಪಂದದಲ್ಲೇ ಬರೆಸಿ. ಆದರೂ ತಡವಾಗುತ್ತದೆ ಅಂತಲೇ ಲೆಕ್ಕ ಹಾಕಿ, ಒಂದೂವರೆ ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಳ್ಳಿ.

ಕಾಯ್ದೆಯ ಮಿತಿಯೊಳಗೆ ಬಾರದ ವ್ಯಾಪಾರಿಗಳನ್ನು ಮರೆಯಬೇಡಿ. ಬೆಳಗಾವಿ ಉದ್ಯಮಬಾಗದ ಸಣ್ಣ ಫೌಂಡ್ರಿಯವರು, ಇಳಕಲ್ ಸೀರೆ ಅಂಗಡಿಯವರು, ಬೆಳಗಾವಿ ಕುಂದಾ, ಗೋಕಾಕ ಕರದಂಟಿನವರು. ದೀಪಾವಳಿಯ ಸಮಯದಲ್ಲಿ ಒಂದು ಬಾಕ್ಸ್ ಕರದಂಟಿಗೆ ಐದು ರೂಪಾಯಿ ಡೇರೆ ಶಾಲೆಗೆ ಅಂತ ಚೀಟಿ ಅಂಟಿಸಿದರೆ ಅವರಿಗೂ ಹೆಸರು, ನಿಮಗೂ ದುಡ್ಡು. ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ, ಎಷ್ಟು ಬಾಕ್ಸ್ ಮಾರಾಟವಾಯಿತು ಅನ್ನುವ ಲೆಕ್ಕ ಕೊಡಬೇಕು ಅಂತ ಹಾಕಿ. ಒಂದು ಎಚ್ಚರ: ದಾನಿಯ ಹೆಸರನ್ನು ಕೃತಜ್ಞತೆಗಾಗಿ ಫಲಕದಲ್ಲಿ ಬರೆದರೆ ಅದು ದಾನವೇ. ಅವರ ವ್ಯಾಪಾರದ ಜಾಹೀರಾತು ಹಾಕಿ ದುಡ್ಡು ತೆಗೆದುಕೊಂಡರೆ ಅದು ಸೇವೆ, ಜಿಎಸ್‌ಟಿ ಮಾತು ಬರುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಅಮೆರಿಕದ ಮಾವನವರಿಗೆ ಒಂದು ಫೋನ್ ಮಾಡಿ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ಅಲ್ಲಿ ವಾಸವಿದ್ದರೆ ಅವರು ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಿನಲ್ಲಿ ಇಟ್ಟುಕೊಳ್ಳಿ ಸಾಕು. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ, ಮತ್ತು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯಲ್ಲಿ ಇದಕ್ಕೆಂದೇ ತೆರೆಯುವ ಖಾತೆಯ ಮೂಲಕವಲ್ಲದೆ, ಅದನ್ನು ಟ್ರಸ್ಟ್ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಂಡು ಅಲ್ಲಿಂದ ಟ್ರಸ್ಟಿಗೆ ದಾಟಿಸುವ ಉಪಾಯ ಯಾರಾದರೂ ಹೇಳಿದರೆ ಅದನ್ನೂ ಮಾಡಬೇಡಿ. ಸಂಬಂಧಿಕರಿಂದ ಪಡೆಯಲು ಇರುವ ಸಡಿಲಿಕೆ ನಿಮ್ಮ ಸ್ವಂತ ಬಳಕೆಗೆ, ಟ್ರಸ್ಟಿಗೆ ಅಲ್ಲ. ನೋಂದಣಿಗೆ ಮೂರು ವರ್ಷದ ಕೆಲಸ ಮತ್ತು ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ತೋರಿಸಬೇಕು. ನಿಮ್ಮ ಖರ್ಚು ವರ್ಷಕ್ಕೆ ಒಂಬತ್ತು ಲಕ್ಷ ಇರುವುದರಿಂದ ಅರ್ಜಿ ಹಾಕುವ ಅರ್ಹತೆ ಇದೆ. ಆದರೆ ಈವರೆಗೆ ಬಂದ ಹಣ ಆ ಬಗೆಯದ್ದಾಗಿದ್ದರೆ, ಅರ್ಜಿಗೂ ಮುಂಚೆ ಎಫ್‌ಸಿಆರ್‌ಎ ಬಲ್ಲ ಸಿಎ ಅಥವಾ ವಕೀಲರ ಹತ್ತಿರ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಹೋಗಿ. ಅಲ್ಲಿಯವರೆಗೆ ಮುಂದಿನ ಕಂತು ಕಳಿಸಬೇಡಿ ಎಂದು ಮಾವನವರಿಗೆ ಹೇಳಿಬಿಡಿ.